ಕಾಫಿ ತೋಟದ ಲೆಕ್ಕಕ್ಕೆ ಎಸ್‌ಕ್ಯೂಲೈಟ್: ಹಲವು ಕೊಯ್ಲುಗಳ ನಂತರದ ವಿಮರ್ಶೆ

ಕೊಡಗಿನ ಒಂದು ಮಧ್ಯಮ ತೋಟದ ತೂಕ-ಕೂಲಿ ಲೆಕ್ಕಕ್ಕೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ (ಮಾಹಿತಿಯನ್ನು ಟೇಬಲ್‌ಗಳಲ್ಲಿ, ಅಂದರೆ ಕೋಷ್ಟಕಗಳಲ್ಲಿ, ಇಡುವ ತಂತ್ರಾಂಶ) ಧಾರಾಳ ಸಾಕು. ಐವತ್ತು ಜನ ತೊಂಬತ್ತು ದಿನ ಹಣ್ಣು ಕೊಯ್ದರೂ 4,500 ಸಾಲು, ಹಳೇ ಲ್ಯಾಪ್‌ಟಾಪಿಗೂ ಅದು ಭಾರವಲ್ಲ. ದುಡ್ಡು ಕೊಡಬೇಕಿಲ್ಲ, ಸರ್ವರ್ ಬೇಡ, ಎಲ್ಲ ಒಂದೇ ಫೈಲು. ನಡುವೆ ಕರೆಂಟು ಹೋದರೂ ಅರೆಬರೆ ನಮೂದು ಉಳಿಯುವುದಿಲ್ಲ. ತಕರಾರು ಇರುವುದು ಅದರ ಸಡಿಲ ಸ್ವಭಾವದ ಮೇಲೆ: ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವ ಆದೇಶ) ಹಾಕಿ ಮೊತ್ತ ಕೇಳಿದರೆ, ಪ್ರಶ್ನೆಯೇ ತಪ್ಪಿದ್ದರೂ ಗೊಣಗದೆ ಒಂದು ಉತ್ತರ ಕೊಟ್ಟುಬಿಡುತ್ತದೆ.

ಬ್ಲಾಕ್‌ವಾರು (ತೋಟದ ಭಾಗವಾರು) ಗುಂಪು ಮಾಡಿ, ಸಮ್ (ಮೊತ್ತ) ಜೊತೆಗೆ ರೈಟರ್, ಅಂದರೆ ತೂಕ ಬರೆದುಕೊಳ್ಳುವ ಗುಮಾಸ್ತರ, ಹೆಸರನ್ನೂ ಕೇಳಿ ನೋಡಿ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಆದರೆ ಎರರ್ ಕೊಟ್ಟು ನಿಲ್ಲುತ್ತದೆ. ಎಸ್‌ಕ್ಯೂಲೈಟ್ ಆ ಗುಂಪಿನ ಯಾವುದೋ ಒಂದು ಸಾಲಿನ ಹೆಸರನ್ನು ಎತ್ತಿ ಕೊಡುತ್ತದೆ. ಮ್ಯಾಕ್ಸ್ (ಗರಿಷ್ಠ) ಅಥವಾ ಮಿನ್ (ಕನಿಷ್ಠ) ಒಂದನ್ನೇ ಬಳಸಿದಾಗ ಮಾತ್ರ ಈ ಗುಣ ಉಪಕಾರಿ: ಅತಿ ಹೆಚ್ಚು ತೂಕದ ಜೊತೆ ಅದೇ ಸಾಲಿನ ತಾರೀಕೂ ಬರುತ್ತದೆ.

ಕೂಲಿ ಬಟವಾಡೆಯಲ್ಲಿ ದೊಡ್ಡ ಪೆಟ್ಟು ಬೀಳುವುದು ಎರಡು ಟೇಬಲ್ ಜೋಡಿಸುವ ಜಾಯಿನ್‌ನಿಂದ. ಒಬ್ಬರಿಗೆ ಆರು ದಿನದ ತೂಕ, ಎರಡು ಸಲದ ಮುಂಗಡ ಇದೆ ಎನ್ನಿ. ಎರಡೂ ಟೇಬಲನ್ನು ನೇರ ಜೋಡಿಸಿದರೆ ಹನ್ನೆರಡು ಸಾಲಾಗುತ್ತದೆ; ತೂಕ ಎರಡು ಪಟ್ಟು, ಮುಂಗಡ ಆರು ಪಟ್ಟು. ಡಿಸ್ಟಿಂಕ್ಟ್ (ಒಂದೇ ಮೌಲ್ಯ ಹಲವು ಸಲ ಬಂದರೂ ಒಮ್ಮೆ ಮಾತ್ರ ಎಣಿಸುವ ಆದೇಶ) ಹಾಕಿ ಸರಿಪಡಿಸಲು ಹೋಗಬೇಡಿ, ಎರಡು ದಿನ ಒಂದೇ ತೂಕ ಬಂದಿದ್ದರೆ ಅದರಲ್ಲೊಂದು ಮಾಯವಾಗುತ್ತದೆ. ಪ್ರತಿ ಟೇಬಲನ್ನೂ ಕೆಲಸಗಾರರ ಸಂಖ್ಯೆಯ ಮೇಲೆ ಬೇರೆ ಬೇರೆ ಗುಂಪು ಮಾಡಿ, ಆಮೇಲೆ ಲೆಫ್ಟ್ ಜಾಯಿನ್ (ಇನ್ನೊಂದು ಟೇಬಲಿನಲ್ಲಿ ಜೋಡಿ ಇಲ್ಲದವರನ್ನೂ ಉಳಿಸಿಕೊಳ್ಳುವ ಜೋಡಣೆ) ಮಾಡಿ. ಮುಂಗಡವೇ ಪಡೆಯದವರ ಮೊತ್ತ ನಲ್ (ಖಾಲಿ, ಸೊನ್ನೆಯಲ್ಲ) ಆಗಿ, ಕಳೆದ ಮೇಲೆ ಪೂರಾ ಕೂಲಿಯೇ ಖಾಲಿ ಕಾಣಿಸುತ್ತದೆ. ಕೊಅಲೆಸ್ ಬಳಸಿ ಅಲ್ಲಿ ಸೊನ್ನೆ ತುಂಬಿಸಲೇಬೇಕು.

ಸರಾಸರಿಯನ್ನೂ ಕಣ್ಣುಮುಚ್ಚಿ ನಂಬಬಾರದು. ಐದು ದಿನಕ್ಕೆ 300 ಕೆಜಿ ಕೊಯ್ದವರ ಆರನೇ ದಿನ ನಲ್ ಆಗಿದ್ದರೆ ಎವಿಜಿ (ಸರಾಸರಿ) 60, ಸೊನ್ನೆ ಬರೆದಿದ್ದರೆ 50. ಸರಾಸರಿಗಳ ಸರಾಸರಿ ಇನ್ನೂ ಮೋಸ: ಒಂದು ಬ್ಲಾಕಿನಲ್ಲಿ ಹತ್ತು ಆಳು 600 ಕೆಜಿ, ಇನ್ನೊಂದರಲ್ಲಿ ಎರಡಾಳು 160 ಕೆಜಿ ಕೊಯ್ದರೆ ತಲಾ 70 ಅಲ್ಲ, 63.3. ಒಟ್ಟು ತೂಕವನ್ನು ಒಟ್ಟು ಆಳಿನಿಂದಲೇ ಭಾಗಿಸಿ. ಎರಡೂ ಪೂರ್ಣಾಂಕವಾದರೆ ದಶಮಾಂಶ ಕತ್ತರಿಸಿಹೋಗುತ್ತದೆ, 1.0ರಿಂದ ಗುಣಿಸಿಕೊಳ್ಳಿ.

ನಮ್ಮ ಕೊಯ್ಲು ಹೊಸ ವರ್ಷದ ಆಚೀಚೆ ಹರಡಿಕೊಂಡಿರುವುದರಿಂದ ಇಸವಿಯ ಮೇಲೆ ಗುಂಪು ಮಾಡಿದರೆ ಒಂದು ಫಸಲು ಎರಡು ತುಂಡು. ತಾರೀಕಿನಿಂದ ಇಸವಿ ತೆಗೆಯುವ ಎಸ್‌ಟಿಆರ್‌ಎಫ್‌ಟೈಮ್‌ಗೆ ಆರು ತಿಂಗಳು ಹಿಂದೆ ಸರಿಸುವ ಸೂಚನೆ ಕೊಟ್ಟರೆ 2024ರ ನವೆಂಬರಿನ ಅರೇಬಿಕಾವೂ 2025ರ ಫೆಬ್ರವರಿಯ ರೋಬಸ್ಟಾವೂ 2024ರ ಗುಂಪಿಗೇ ಸೇರುತ್ತವೆ. ತಾರೀಕು ವರ್ಷ-ತಿಂಗಳು-ದಿನ ಕ್ರಮದಲ್ಲೇ ಇರಬೇಕು. ದಿನ ಮೊದಲು ಬರೆದಿದ್ದರೆ ಎಲ್ಲವೂ ಒಂದೇ ನಲ್ ಗುಂಪಿಗೆ ಬೀಳುತ್ತವೆ.

ತೂಕದ ಕಾಲಮ್ಮಿನಲ್ಲಿ ಯಾರಾದರೂ ಕನ್ನಡ ಅಂಕಿಯಲ್ಲಿ ೫೨ ಎಂದು ಹೊಡೆದರೆ ಅದು ಅಕ್ಷರವಾಗಿಯೇ ಕೂರುತ್ತದೆ, ಮೊತ್ತಕ್ಕೆ ಸೊನ್ನೆ. ಇದಕ್ಕೆ ಮದ್ದು 2021ರಲ್ಲಿ ಬಂದ 3.37 ಆವೃತ್ತಿಯ ಸ್ಟ್ರಿಕ್ಟ್ ಟೇಬಲ್: ಕಾಲಮ್ಮಿಗೆ ಗೊತ್ತುಮಾಡಿದ ಬಗೆಯ ಮಾಹಿತಿಯಲ್ಲದ್ದನ್ನು ಅದು ನಿರಾಕರಿಸುತ್ತದೆ. ಹೆಸರುಗಳಿಗೆ ಅದೂ ಸಾಲದು: ‘ರೋಬಸ್ಟಾ’, ‘ರೊಬಸ್ಟಾ’ ಎರಡು ಗುಂಪುಗಳೇ. ತಳಿ, ಬ್ಲಾಕು, ಕೆಲಸಗಾರರಿಗೆಲ್ಲ ಸಂಖ್ಯೆ ಕೊಟ್ಟು ಪ್ರತ್ಯೇಕ ಟೇಬಲಿನಲ್ಲಿಡಿ.

ಐದಕ್ಕೆ ನಾಲ್ಕು ಅಂಕ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದಾದ್ದರಿಂದ, ಮೂರ್ನಾಲ್ಕು ಕಡೆಯಿಂದ ರೈಟರುಗಳು ಏಕಕಾಲಕ್ಕೆ ತೂಕ ತುಂಬಿಸುವ ದೊಡ್ಡ ಎಸ್ಟೇಟಿನವರು ಪೋಸ್ಟ್‌ಗ್ರೆಸ್ಸಿಗೇ ಹೋಗುವುದು ವಾಸಿ.