ವಾನವಡಿಯ ಮನೆ-ಶುಶ್ರೂಷಾ ಸೇವೆ: ಮೂರು ತಿಂಗಳ ಅನುಭವ

ಪುಣೆಯ ಹಡಪಸರದಲ್ಲಿರುವ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅತ್ತೆಯವರಿಗೆ 78 ವರ್ಷ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ನಾವು ಮೊದಲು ನೇಮಿಸಿಕೊಂಡ ಸಂಸ್ಥೆಯ ಆರೈಕೆದಾರರು, ಹತ್ತು ದಿನಗಳಲ್ಲಿ ನಾಲ್ಕು ಮಂದಿ ಬದಲಾದರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಆ ಸಂಸ್ಥೆಯನ್ನು ಬಿಟ್ಟು, ಪರಿಚಯದ ಕನ್ನಡ ಕುಟುಂಬವೊಂದು ಹೇಳಿದ ವಾನವಡಿಯ ಚಿಕ್ಕ ಸೇವೆಯನ್ನು ಹಿಡಿದೆವು. ಅದನ್ನು ನಡೆಸುತ್ತಿರುವವರು ಸೇನಾ ಶುಶ್ರೂಷಾ ಸೇವೆಯಿಂದ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದ ಕೊಡಗಿನ ಮಹಿಳೆ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ಬರೆಯುತ್ತಿಲ್ಲ.

ಮೊದಲ ದಿನ ಅವರು ಬಂದವರೇ ಕುಶಲ ಕೇಳುವುದಕ್ಕೂ ಮುನ್ನ ಅತ್ತೆಯವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಕೆಳಭಾಗವನ್ನು ನೋಡಿದರು. ಅಲ್ಲಿ ರೂಪಾಯಿ ನಾಣ್ಯದಷ್ಟು ಕೆಂಪು ಕಲೆಯಿತ್ತು. ಬೆರಳಿನಿಂದ ಒತ್ತಿ ತೆಗೆದಾಗ ಆರೋಗ್ಯವಂತ ಚರ್ಮ ಕ್ಷಣಕಾಲ ಬಿಳಿಚಿಕೊಳ್ಳುತ್ತದೆ. ಈ ಕಲೆ ಬಿಳಿಚಿಕೊಳ್ಳಲಿಲ್ಲ. ಹಾಸಿಗೆ ಹುಣ್ಣಿನ ಮೊದಲ ಹಂತ ಅದೇ ಎಂದರು. ಹತ್ತು ದಿನಗಳಿಂದ ಅವರ ಮೈ ಒರೆಸುತ್ತಿದ್ದ ಯಾರೊಬ್ಬರ ಕಣ್ಣಿಗೂ, ನನ್ನ ಕಣ್ಣಿಗೂ, ಅದು ಬಿದ್ದಿರಲಿಲ್ಲ.

ಈ ಕಣ್ಣು ಅವರಿಗೆ ಬಂದದ್ದು ಖಡ್ಕಿಯ ಮಿಲಿಟರಿ ಆಸ್ಪತ್ರೆಯ ಬೆನ್ನುಹುರಿ ಗಾಯಾಳುಗಳ ವಾರ್ಡಿನಲ್ಲಿ. ಬೆನ್ನುಹುರಿ ಪೂರ್ತಿ ತುಂಡಾದ ಸೈನಿಕನಿಗೆ ಗಾಯದ ಕೆಳಗೆ ಸ್ಪರ್ಶವೂ ಇಲ್ಲ, ನೋವೂ ಇಲ್ಲ. ಚರ್ಮ ಕೊಳೆಯತೊಡಗಿದರೂ ಅವನಿಗೆ ತಿಳಿಯುವುದಿಲ್ಲವಾದ್ದರಿಂದ, ಎರಡು ಗಂಟೆಗೊಮ್ಮೆ ಹೊರಳಿಸುವುದನ್ನೂ ಹೊರಳಿಸಿದಾಗಲೆಲ್ಲ ನೋಡುವುದನ್ನೂ ದಾದಿಯೇ ಅವನ ಪರವಾಗಿ ಮಾಡಬೇಕು. ರಾತ್ರಿ ಪಾಳಿಯವರು ಬೆಳಗಿನವರಿಗೆ ವಾರ್ಡನ್ನು ಒಪ್ಪಿಸುವಾಗ ಪ್ರತಿ ಹಾಸಿಗೆಯ ಬಳಿ ನಿಂತು ಒಪ್ಪಿಸಬೇಕಿತ್ತಂತೆ.

ಅದೇ ಕ್ರಮವನ್ನು ಅವರು ನಮ್ಮ ಮನೆಗೂ ತಂದರು. ಮಂಚದ ಪಕ್ಕದಲ್ಲಿ ಉದ್ದನೆಯ ರಟ್ಟಿನ ಒಂದು ರಿಜಿಸ್ಟರು: ಸಮಯ, ಯಾವ ಮಗ್ಗುಲು, ಚರ್ಮ ಹೇಗಿದೆ, ಊಟ ಎಷ್ಟು, ಮೂತ್ರ ಎಷ್ಟು, ನೋವು ಹತ್ತಕ್ಕೆ ಎಷ್ಟು, ಕೊಟ್ಟವರ ಸಹಿ, ಪಡೆದವರ ಸಹಿ. ಪಾಳಿ ಬದಲಾಗುವಾಗ ಇಬ್ಬರೂ ಮಂಚದ ಬಳಿ ನಿಂತು ಓದಿಕೊಳ್ಳಬೇಕು. ಕಾಲುಗಳ ನಡುವಿನ ದಿಂಬು ಜಾರಿಲ್ಲವೆಂದು, ಸೊಂಟದ ಕೀಲು ಕಳಚುವಂತೆ ಕಾಲು ಒಂದರ ಮೇಲೊಂದು ಬಿದ್ದಿಲ್ಲವೆಂದು ಇಬ್ಬರೂ ನೋಡಬೇಕು. ಆರೈಕೆದಾರರೆಲ್ಲ ಮರಾಠಿಯವರು, ಅತ್ತೆಯವರಿಗೆ ಧಾರವಾಡದ ಕನ್ನಡ ಬಿಟ್ಟು ಬೇರೇನೂ ಬಾರದು. ಅದಕ್ಕಾಗಿ ನೀರು, ನೋವು, ಮಗ್ಗುಲು, ಸಾಕು, ಚಳಿ ಎಂಬ ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದ ಚೀಟಿಯೊಂದನ್ನು ರಿಜಿಸ್ಟರಿನ ಒಳರಟ್ಟಿಗೆ ಅಂಟಿಸಿದ್ದರು. ಮೂರನೆಯ ವಾರಕ್ಕೆ ಆ ಕೆಂಪು ಕಲೆ ಮಾಯವಾಯಿತು.

ಅವರನ್ನು ಬರಿಯ ‘ಸಿಸ್ಟರ್’ ಎಂದರೆ ಹುಬ್ಬು ಗಂಟಿಕ್ಕುತ್ತದೆ. ಅದಕ್ಕೆ ಕಾರಣವಿದೆ. 1888ರ ಮಾರ್ಚ್ 28ರಂದು ಮುಂಬಯಿಯಲ್ಲಿ ಬಂದಿಳಿದ ಹತ್ತು ಮಂದಿ ಬ್ರಿಟಿಷ್ ದಾದಿಯರಿಂದ ಆರಂಭವಾದ ಸೇನಾ ಶುಶ್ರೂಷಾ ಸೇವೆಯವರಿಗೆ ಅಧಿಕಾರಿಯ ಸ್ಥಾನ ಸಿಕ್ಕಿದ್ದು 1943ರ ಸುಗ್ರೀವಾಜ್ಞೆಯಿಂದ. ಭಾರತದ ಮೊದಲ ಮಹಿಳಾ ಮೇಜರ್ ಜನರಲ್ ಆದವರು, 1976ರಲ್ಲಿ, ಇದೇ ಸೇವೆಯ ಗರ್ಟ್ರೂಡ್ ಅಲಿಸ್ ರಾಮ್. ಅವರ ಚಿತ್ರ ವಾನವಡಿಯ ಕಚೇರಿಯ ಗೋಡೆಯ ಮೇಲಿದೆ. ಅತ್ತೆಯವರು ಮಾತ್ರ ತಮ್ಮದೇ ದಾರಿ ಕಂಡುಕೊಂಡರು: “ಕರ್ನಲ್ ಬಾಯಾರ ಬಂದ್ರೇನ?”

ಇಲ್ಲಿಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಲೆಫ್ಟಿನೆಂಟ್ ಆಗಿ ಹೊರಬಂದದ್ದನ್ನು, ಊಧಂಪುರ ಮತ್ತು ಗುವಾಹಾಟಿಯ ವರ್ಗಾವಣೆಗಳನ್ನು ಅವರು ಚಹಾ ಕುಡಿಯುತ್ತ ಸಂತೋಷದಿಂದಲೇ ಹೇಳಿದರು. ಮದುವೆಯಾದ ಕಾರಣಕ್ಕೆ 1988ರಲ್ಲಿ ಇದೇ ಸೇವೆಯಿಂದ ಬಿಡುಗಡೆಗೊಂಡ ಸೆಲಿನಾ ಜಾನ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಆದೇಶಿಸಿದ ಸುದ್ದಿಯನ್ನು ನಾನು ತೆಗೆದಾಗ ಮಾತ್ರ, ಆ ನಿಯಮವನ್ನು 1995ರಲ್ಲೇ ಹಿಂತೆಗೆದುಕೊಂಡಿದ್ದರೆಂದು ಚುಟುಕಾಗಿ ಹೇಳಿ, ಅಂದಿನ ಮೂತ್ರದ ಪ್ರಮಾಣ ಬರೆದಿದೆಯೇ ಎಂದು ರಿಜಿಸ್ಟರು ತೆರೆದರು. ನಾನು ಮತ್ತೆ ಕೇಳಲಿಲ್ಲ.

ಕೊರತೆಗಳೂ ಇವೆ. ಹನ್ನೆರಡು ಗಂಟೆಯ ಪಾಳಿಗೆ ನಾವು 1,500 ರೂಪಾಯಿ ಕೊಟ್ಟೆವು. ಹಿಂದಿನ ಸಂಸ್ಥೆಗಿಂತ ಇದು ಸಾಕಷ್ಟು ಹೆಚ್ಚು, ಹದಿನೈದು ದಿನದ ಹಣ ಮುಂಗಡ ಬೇರೆ. ಪಿಂಪರಿ-ಚಿಂಚವಡದ ಕಡೆಗೆ ಅವರು ಹೋಗುವುದಿಲ್ಲ. ಗಣೇಶ ಚತುರ್ಥಿಗೆ ಬಂದ ನೆಂಟರನ್ನು, ರೋಗಿಗೆ ವಿಶ್ರಾಂತಿಯ ಹೊತ್ತೆಂದು, ಹೊರಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರಿಸಿದ್ದು ನಮ್ಮ ಮನೆಯವರಿಗೆ ಇನ್ನೂ ಸರಿಯೆನಿಸಿಲ್ಲ. ತಪ್ಪು ಮಾಡಿದ ಆರೈಕೆದಾರರನ್ನು ಅವರು ನಮ್ಮೆದುರೇ ಗದರಿಸುತ್ತಿದ್ದುದು ನನಗೂ ಹಿಡಿಸಲಿಲ್ಲ. ಒಬ್ಬ ಒಳ್ಳೆಯ ಹುಡುಗಿ ಆ ಕಾರಣಕ್ಕೇ ಕೆಲಸ ಬಿಟ್ಟಳು.

ಸೇವೆ ಮುಗಿದ ದಿನ ಅವರು ನನ್ನನ್ನು ಮಂಚದ ಬಳಿ ನಿಲ್ಲಿಸಿ, ಎಲ್ಲವನ್ನೂ ಓದಿಸಿ, ‘ಪಡೆದವರು’ ಎಂಬಲ್ಲಿ ಸಹಿ ಹಾಕಿಸಿಕೊಂಡರು. ಅತ್ತೆಯವರು ಈಗ ವಾಕರ್ ಹಿಡಿದು ಬಾಲ್ಕನಿಯವರೆಗೆ ನಡೆಯುತ್ತಾರೆ. ರಿಜಿಸ್ಟರನ್ನು ನಾವೇ ಮುಂದುವರಿಸಿದ್ದೇವೆ; ನನ್ನ ಪತಿಯ ಪಾಳಿಯಲ್ಲಿ ಎರಡು ರಾತ್ರಿಗಳ ಸಹಿ ಇಲ್ಲ.