ಕುದುರಿ ಕುತ್ತಿಗಿ ನರ ಕೊಯ್ಸಬೇಕೋ ಬ್ಯಾಡೋ: ಬೀದರ್ ವೆಟರ್ನರಿ ಕಾಲೇಜ್ ಆಸ್ಪತ್ರೆ

ಬೀದರ್ ನಂದಿನಗರದ ವೆಟರ್ನರಿ ಕಾಲೇಜ್ ಆಸ್ಪತ್ರೆಗೆ ನಮ್ಮ ಕಡಿ ಮಂದಿ ಎಮ್ಮಿ, ಆಕಳ, ನಾಯಿ ಒಯ್ತಾರ, ಕುದುರಿ ಇದ್ದೋರು ಮಾತ್ರ ಸೀದಾ ಹೈದ್ರಾಬಾದ್ ಅಂತಾರ. ಮೊದಲ ಇಲ್ಲಿ ತೋರಸ್ರಿ ಅಂತೀನಿ ನಾ.

ನಮ್ದು ಮದುವಿ ಮೆರವಣಿಗಿದು ಬಿಳಿ ಹೆಣ್ಣು ಕುದುರಿ. ಕಾಲು ಕುಂಟ್ತದಂತ ಊರಾಗ ಸೂಜಿ ಹಾಕೋರೊಬ್ರು ದಿನಾ ಅದೇ ಎಡಗಡಿ ಕುತ್ತಿಗಿ ನರಕ್ಕ, ಅಂದ್ರ ರಕ್ತ ಹರಿಯೋ ನಾಳಕ್ಕ, ಫಿನೈಲ್‌ಬ್ಯುಟಜೋನ್ ಅನ್ನೋ ನೋವಿನ ಔಷಧ ಹಾಕಿದ್ರು. ಆ ಔಷಧ ನರದ ಒಳಗ ಹೋದ್ರ ಸರಿ, ಒಂದೀಟು ಹೊರಗ ಸೋರ್ತಂದ್ರ ಮಾಂಸಾನೇ ಸುಡ್ತದ. ಕುತ್ತಿಗಿ ಬಾತು, ಮುಟ್ಟಿದ್ರ ಬಿಸಿ, ನರ ಹಗ್ಗದಂಗ ಗಟ್ಟಿ. ಕೊಯ್ದು ತೆಗಸ್ರಿ ಇಲ್ಲಾಂದ್ರ ಹೋಯ್ತು ಅಂದು ಅವ್ರು ಕೈ ತೊಳಕೊಂಡ್ರು.

ಆಸ್ಪತ್ರ್ಯಾಗ ಡಾಕ್ಟರ್ ಮೇಡಂ ಮೊದಲ ಜ್ವರ ನೋಡಿದ್ರು, 100 ಡಿಗ್ರಿ, ಕುದುರಿಗಿ ಅದು ನಾರ್ಮಲ್ಲೇ. ಆಮ್ಯಾಲ ಕುತ್ತಿಗಿ ಕೂದ್ಲ ಬೋಳ್ಸಿ, ಜೆಲ್ ಹಚ್ಚಿ ಸ್ಕ್ಯಾನ್ ಮಾಡಿ, ಸ್ಕ್ರೀನ್ ನಮ್ಮ ಕಡಿಗೇ ತಿರುಗ್ಸಿ ತೋರ್ಸಿದ್ರು. ರಕ್ತ ಹೆಪ್ಪುಗಟ್ಟಿ ಎಡಗಡಿ ನರ ಪೂರ್ತಿ ಬಂದ್, ಆದ್ರ ಕೀವು ಎಲ್ಲೂ ಇಲ್ಲ, ಬಲಗಡಿದು ಚೊಲೋ ಹರೀಲಕತ್ತದ. ಇದು ನಂಗ ಭಾಳ ಹಿಡಸ್ತು, ಯಾಕಂದ್ರ ಕೊಯ್ಯೋ ಮಾತು ಎಲ್ಲಾರೂ ಆಡಿದ್ರು, ಒಳಗೇನದ ಅಂತ ನೋಡ್ದೋರು ಇವ್ರೊಬ್ರೇ.

ನಮ್ಮಪ್ಪ ಒಂದೇ ಸಮ, "ಲಗ್ನದ ಸೀಜನ್ ಬಂತ್ರಿ ಮೇಡಂ, ಒಮ್ಮಿ ಕೊಯ್ದೇ ಬಿಡ್ರಿ ಅತ್ಲಾಗ" ಅಂತ. ಅವ್ರು ಸಿಟ್ಟಿಗೇಳಲಿಲ್ಲ. "ಕಾಕಾ, ಕುದುರಿಗಿ ಪೂರ್ತಿ ಎಚ್ಚರ ತಪ್ಪೋ ಔಷಧ ಕೊಟ್ರ ಚೊಲೋ ಇದ್ದ ಕುದುರಿನೇ ನೂರಕ್ಕ ಒಂದು ಹೋಗ್ತದ, ಏಳುವಾಗ ಬಿದ್ದು ಕಾಲು ಮುರಕೊಂಬೋದೂ ಅದ, ಆ ನರದ ಮಗ್ಗಲ್ದಾಗೇ ತಲಿಗಿ ಹೋಗೋ ದೊಡ್ಡ ರಕ್ತನಾಳ ಅದ. ಕೀವು ತುಂಬಿ ಔಷಧಕ್ಕ ಬಗ್ಗಲಿಲ್ಲಂದ್ರ ಕೊಯ್ಲೇಬೇಕು, ಆವಾಗ ನಾನೇ ಹೇಳ್ತೀನಿ." ಒಂದು ಕಡಿ ಬಂದ್ ಆದ್ರ ಸಣ್ಣ ನರಗಳು ದಾರಿ ಮಾಡ್ಕೊಂತಾವಂತ, ಕೆಲವಕ್ಕ ತಿಂಗಳುಗಟ್ಲೆ ಆದ್ಮ್ಯಾಲ ಅದೇ ನರ ಅಷ್ಟಿಷ್ಟು ತೆರ್ಕೊಳ್ಳೋದೂ ಉಂಟಂತ. ಎರಡೂ ಬಂದ್ ಆದ್ರ ಮಾತ್ರ ಫಜೀತಿ, ಮಾರಿ ಮೂಗು ಬಾತು ಉಸಿರೇ ಕಟ್ತದ, ಕುದುರಿ ಬಾಯ್ಲಿಂದ ಉಸಿರಾಡಂಗಿಲ್ಲ ನೋಡ್ರಿ. ಅದಕ್ಕ ಬಲಗಡಿ ನರಕ್ಕ ಯಾರಿಗೂ ಸೂಜಿ ಹಾಕ್ಲಕ ಬಿಡಬ್ಯಾಡ್ರಿ ಅಂತ ಚೀಟಿ ಮ್ಯಾಲ ದಪ್ಪಾಗಿ ಬರೆದು ಕೆಳಗ ಗೆರಿ ಹೊಡದ್ರು.

ಕೊಯ್ಸಲಿಲ್ಲ. ಬಿಸಿನೀರಿನ ಶಾಖ, ರಕ್ತ ಹೆಪ್ಪುಗಟ್ಟದಂಗ ತಡಿಯೋ ಹೆಪಾರಿನ್ ಮುಲಾಮು, ಗುಳಿಗಿ, ಹೊತ್ತಿಗೆ ಸರಿಯಾಗಿ ಜ್ವರ ನೋಡೋದು, 101.5 ದಾಟಿದ್ರ ಫೋನ್. ಕಣಿಕಿ ನೆಲಕ್ಕ ಹಾಕದಂಗ ಎದಿ ಎತ್ತರಕ್ಕ ಕಟ್ಟಿಸಿದ್ರು, ತಲಿ ಕೆಳಗಿದ್ರ ಬಾವು ಏರ್ತದಂತ. ಕೊರಳಿನ ಗೆಜ್ಜಿ ಪಟ್ಟಿನೂ ಬಿಚ್ಚಿಸಿದ್ರು, ಅಪ್ಪಗ ಅದೇ ಜಾಸ್ತಿ ಸಂಕಟ ಆತು ಅನಸ್ತದ, ಪಟ್ಟಿ ಇಲ್ದ ಕುದುರಿಗಿ ಯಾರು ಬಾಡಿಗಿ ಕೊಡ್ತಾರ ಅಂತ ದಾರಿ ತುಂಬ ಗೊಣಗಿದ.

ಈಗ ಬಾವು ಇಳದದ, ನರ ಇನ್ನೂ ಗಟ್ಟಿನೇ ಅದ, ಮೇವು ತಿಂತದ. ಮುಂದಿನ ಸ್ಕ್ಯಾನ್ ನೋಡೇ ಕೊಯ್ಯೋ ಮಾತು. ಹೋಗೋರು ಹಿಂದ ಹಾಕಿದ ಔಷಧದ ಖಾಲಿ ಬಾಟ್ಲಿ ಒಯ್ರಿ, ಮೊದಲ ಕೇಳೋದೇ ಅದು, ಮತ್ತ ಕುದುರಿಗಿ ಗುರ್ತಿದ್ದೋರೊಬ್ರು ಸಂಗಟ ಇರ್ರಿ, ಬಿಳಿ ಕೋಟಿನ ಹುಡುಗ್ರು ನೋಡ್ಲಕ ಸುತ್ತ ನಿಂತ್ರ ನಮ್ದು ಬೆದರಿ ಒದಿಲಕ ಬಂದಿತ್ತು.