ಬೋರ್ಡ್ ಹಸಿರು, ಕಸದ ಬುಟ್ಟಿ ಮಾತ್ರ ಒಂದೇ

ಅಮ್ಮನ ಮಂಡಿ ಆಪರೇಷನ್‌ಗೆ ಐದು ದಿನ ಒಂದು ಆಸ್ಪತ್ರೆಯಲ್ಲಿದ್ದೆವು. ಬಾಗಿಲಲ್ಲೇ 'ಪರಿಸರಸ್ನೇಹಿ' ಅಂತ ದೊಡ್ಡ ಬೋರ್ಡ್. ಚಿಕಿತ್ಸೆ ಬಗ್ಗೆ ದೂರಿಲ್ಲ. ಛಾವಣಿ ಮೇಲೆ ಸೋಲಾರ್ ಇದೆ, ವಾರ್ಡಿನ ಕಿಟಕಿ ಎಷ್ಟು ದೊಡ್ಡದೆಂದರೆ ಹಗಲಲ್ಲಿ ಲೈಟೇ ಬೇಡ. ಬಟ್ಟೆಯ ಗೌನ್ ಒಗೆದು ಮತ್ತೆ ಬಳಸುತ್ತಾರೆ, ಇದು ತುಂಬಾ ಹಿಡಿಸಿತು.

ಎಡವಿದ್ದು ಕಸದಲ್ಲಿ. ಆಸ್ಪತ್ರೆಯ ಕಸದಲ್ಲಿ ಸುಮಾರು 85% ಮನೆಯ ಕಸದಂಥದ್ದೇ, ಅಪಾಯದ್ದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇಲ್ಲಿ ನೋಡಿದರೆ ಮಾತ್ರೆಯ ರಟ್ಟಿನ ಡಬ್ಬ, ನೀರಿನ ಬಾಟಲಿ, ರಕ್ತ ಹತ್ತಿದ ಬ್ಯಾಂಡೇಜ್ ಎಲ್ಲಾ ಒಂದೇ ಬುಟ್ಟಿಗೆ! ಹಾಗೆ ಬೆರೆತ ಮೇಲೆ ಪೂರ್ತಿ ಕಸವನ್ನು ಸೋಂಕಿನ ಕಸ ಅಂತಲೇ ನೋಡಬೇಕಾಗುತ್ತದೆ, ಸುಮ್ನೆ ಜಾಸ್ತಿ ಖರ್ಚು ಅಲ್ವಾ? ನರ್ಸ್‌ಗೆ ಹೇಳಿದೆ. ನಕ್ಕರು, ಅಷ್ಟೇ.

ಅರಿವಳಿಕೆ ಡಾಕ್ಟರ್ ಮಾತ್ರ ಖುಷಿ ಕೊಟ್ಟರು. ಆಪರೇಷನ್‌ಗೆ ಪ್ರಜ್ಞೆ ತಪ್ಪಿಸಲು ಉಸಿರಿನಲ್ಲಿ ಕೊಡುವ ಡೆಸ್‌ಫ್ಲುರೇನ್ ಅನ್ನೋ ಗ್ಯಾಸ್ 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,500 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸ್ಕಾಟ್ಲೆಂಡ್‌ನ ಸರ್ಕಾರಿ ಆಸ್ಪತ್ರೆಗಳು 2023ರಲ್ಲೇ ಅದನ್ನು ಬಿಟ್ಟವು. ಇವರೂ ಬಿಟ್ಟಿದ್ದಾರಂತೆ, ಅಮ್ಮನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮುಗಿಸಿದರು.

ಐದಕ್ಕೆ ಮೂರೂವರೆ. ಇನ್ನೊಂದು ಮಂಡಿಗೆ ಬಂದಾಗ ಮೊದಲು ಬುಟ್ಟಿ ನೋಡುತ್ತೇನೆ.